ನದಿಯ ಚಳಿಗೆ ಯಾವ ಬಟ್ಟೆ? ಕಯಾಕ್ ಹತ್ತುವ ಬಯಲುಸೀಮೆಯವರಿಗೆ ಒಂದು ಹೋಲಿಕೆ

ನಮ್ಮ ಚಿಕ್ಕಬಳ್ಳಾಪುರದ ಕಡೆ ಚಳಿ ಎಂದರೆ ನಂದಿ ಬೆಟ್ಟ. ಡಿಸೆಂಬರ್ ತಿಂಗಳಲ್ಲಿ, ಬೆಳಗಿನ ಜಾವ, 1,478 ಮೀಟರ್ ಎತ್ತರದಲ್ಲಿ ನಿಂತು, ಮಂಕಿ ಕ್ಯಾಪ್ ಎಳೆದುಕೊಂಡು, ಎರಡೂ ಕೈಯಲ್ಲಿ ಟೀ ಲೋಟ ಹಿಡಿದು ನಡುಗಿದರೆ ಚಳಿ ನೋಡಿ ಬಂದ ಲೆಕ್ಕ. ನಾನೂ ಅದೇ ಲೆಕ್ಕ ಹಿಡಿದು ಮೊದಲ ಸಲ ಗಂಗೆಗೆ ಹೋದೆ. ದೇವಪ್ರಯಾಗದಿಂದ ಋಷಿಕೇಶದ ಕಡೆಗೆ, ನಾಲ್ಕು ದಿನದ ಕಯಾಕ್ ಪಯಣ. ಕಯಾಕ್ ಎಂದರೆ ಕಾಲು ಚಾಚಿ ಕೂತು ಹುಟ್ಟು ಹಾಕುವ, ಉದ್ದನೆಯ ಸಣ್ಣ ದೋಣಿ.

ಮೈಮೇಲೆ ಏನಿತ್ತು ಗೊತ್ತಾ? ಅಂಗಡಿಯವರು ‘ಥರ್ಮಲ್’ ಅಂತ ಕೊಟ್ಟ ಒಳಅಂಗಿ. ಅದರ ಮೇಲೊಂದು ಸ್ವೆಟರ್. ಮೇಲೆ ಸ್ಕೂಟರಿನಲ್ಲಿ ಹೋಗುವಾಗ ಹಾಕುವ ರೇನ್‌ಕೋಟ್. ಹೊರಟು ಒಂದು ಗಂಟೆಯಾಗಿರಲಿಲ್ಲ, ಮಗುಚಿಕೊಂಡೆ. ರೇನ್‌ಕೋಟಿನ ತೋಳಿನೊಳಗೆ ನೀರು ತುಂಬಿ, ಎರಡೂ ಕೈಗೆ ಒಂದೊಂದು ಬಿಂದಿಗೆ ಕಟ್ಟಿದ ಹಾಗಾಯಿತು. ದಡಕ್ಕೆ ಎಳೆದು ತಂದರು, ಜೀವಕ್ಕೇನೂ ಆಗಲಿಲ್ಲ. ಆದರೆ ಸಂಜೆವರೆಗೂ ನಡುಕ ನಿಲ್ಲಲಿಲ್ಲ. ರಾತ್ರಿ ಟೆಂಟಿನಲ್ಲಿ ಟಾರ್ಚ್ ಹಿಡಿದು ಆ ಥರ್ಮಲ್‌ನ ಲೇಬಲ್ ಓದಿದೆ. ಅರ್ಧಕ್ಕಿಂತ ಜಾಸ್ತಿ ಹತ್ತಿ! ಹಗ್ಗಕ್ಕೆ ಹಾಕಿದ್ದು ಬೆಳಗ್ಗೆಯೂ ತೊಟ್ಟಿಕ್ಕುತ್ತಿತ್ತು. ಆ ಕಣಿವೆಗೆ ಬಿಸಿಲು ಇಳಿಯುವುದೇ ತಡ. ಒದ್ದೆಯನ್ನೇ ಹಾಕಿಕೊಂಡು ಮತ್ತೆ ಕಯಾಕಿನಲ್ಲಿ ಕೂತೆ. ಆ ಐದು ನಿಮಿಷವನ್ನು ಇವತ್ತಿಗೂ ಮರೆತಿಲ್ಲ.

ಈ ವರ್ಷ ನಮ್ಮ ಗುಂಪಿಗೆ ಹೊಸಬರು ನಾಲ್ಕು ಜನ ಸೇರಿದ್ದಾರೆ. ಗೌರಿಬಿದನೂರಿನ ಹುಡುಗನೊಬ್ಬ ದಿನಾ ಫೋನ್ ಮಾಡುತ್ತಾನೆ. “ಅಕ್ಕಾ, ಜಾಸ್ತಿ ತಲೆ ತಿನ್ನಬೇಡಿ. ಒಂದೇ ಒಂದು ಒಳ್ಳೆ ಜರ್ಕಿನ್ ಹೆಸರು ಹೇಳಿ, ತಗೊಂಡುಬಿಡ್ತೀನಿ” ಅಂತ. ಒಂದು ಜರ್ಕಿನ್‌ನಲ್ಲಿ ಮುಗಿಯುವ ಹಾಗಿದ್ದರೆ ನಾನೂ ಹೇಳಿ ಮಲಗುತ್ತಿದ್ದೆ. ನೀರು ತೀರಾ ತಣ್ಣಗಿಲ್ಲದ ಕಡೆ ಒಂದೇ ದಿನದ ಓಡಾಟವಾದರೆ ಏನು ಹಾಕಿದರೂ ನಡೆದುಹೋಗುತ್ತದೆ, ಸಂಜೆ ಮನೆಗೆ ಬಂದು ಬಿಸಿನೀರು ಸುರಿದುಕೊಂಡರಾಯಿತು. ಮೂರು ನಾಲ್ಕು ದಿನವಾದರೆ ಮಾತ್ರ ಪ್ರಶ್ನೆ ಬೇರೆ. ರಾತ್ರಿ ಒಣಗಿದ ಬಟ್ಟೆ ಇದೆಯಾ? ಮರುದಿನ ಬೆಳಗ್ಗೆ ಒದ್ದೆ ಬಟ್ಟೆಯನ್ನು ಮತ್ತೆ ಹಾಕಿಕೊಳ್ಳಲು ಆಗುತ್ತದಾ? ಕೆಳಗೆ ಹೇಳುವುದನ್ನೆಲ್ಲ ನಾನು ಈ ಎರಡು ಪ್ರಶ್ನೆ ಇಟ್ಟುಕೊಂಡೇ ತೂಗಿದ್ದೇನೆ.

ಮೊದಲು ನೀರು ಯಾವುದು ನೋಡಿ

ಗಾಳಿಯ ಚಳಿಗೆ ಬಟ್ಟೆ ಹಾಕಬೇಡಿ, ನೀರಿನ ಚಳಿಗೆ ಹಾಕಿ. ಮೇಲೆ ಸುಡು ಬಿಸಿಲಿರಬಹುದು, ಕೆಳಗೆ ಹರಿಯುತ್ತಿರುವುದು ಕರಗಿದ ಹಿಮ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಸೆಳೆದುಕೊಳ್ಳುತ್ತದೆ. ಮೈಯೊಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದಕ್ಕೆ ಹೈಪೊಥರ್ಮಿಯಾ ಎನ್ನುತ್ತಾರೆ. ಆದರೆ ಅದಕ್ಕಿಂತ ಮೊದಲು ಕೈ ಕೈಕೊಡುತ್ತದೆ. ಹಿಮದಂಥ ನೀರಿನ ಬಗ್ಗೆ ತರಬೇತುದಾರರು ಒಂದು, ಹತ್ತು, ಒಂದು ಅಂತ ಲೆಕ್ಕ ಹೇಳಿಕೊಡುತ್ತಾರೆ. ಏದುಸಿರು ಹತೋಟಿಗೆ ಬರಲು ಒಂದು ನಿಮಿಷ. ಕೈಕಾಲು ಮಾತು ಕೇಳುವುದು ಸುಮಾರು ಹತ್ತು ನಿಮಿಷ. ಪ್ರಜ್ಞೆ ತಪ್ಪುವುದಕ್ಕೆ ಸುಮಾರು ಒಂದು ಗಂಟೆ. ಲೈಫ್ ಜಾಕೆಟ್ ಇದ್ದವರ ಲೆಕ್ಕ ಇದು. ಇಲ್ಲದವರಿಗೆ ಲೆಕ್ಕವೇ ಇಲ್ಲ.

ನಮ್ಮ ಕಡೆಯವರು ಸಾಮಾನ್ಯವಾಗಿ ಹೋಗುವುದು ಮೂರು ಥರದ ನೀರಿಗೆ. ಒಂದು, ಶಿವಮೊಗ್ಗ ಜಿಲ್ಲೆಯ ಸಾಗರ ಊರಿನ ಹತ್ತಿರ ಹೊನ್ನೆಮರಡು, ಶರಾವತಿಯ ಹಿನ್ನೀರು. ಜನವರಿಯಲ್ಲೂ ನೀರು ತೀರಾ ತಣ್ಣಗಿರುವುದಿಲ್ಲ. ಅಲ್ಲಿ ಕಾಡುವುದು ಗಾಳಿ ಮತ್ತು ರಾತ್ರಿಯ ಇಬ್ಬನಿ. ಎರಡು, ಚಳಿಗಾಲದ ಗಂಗೆ. ಹಸಿರು ಗಾಜಿನ ಹಾಗೆ ತಿಳಿಯಾಗಿರುತ್ತದೆ, ಕೈಯಿಟ್ಟರೆ ಮೂಳೆಗೇ ಇಳಿಯುತ್ತದೆ. ಮೂರು, ಲಡಾಖಿನ ಜಂಸ್ಕಾರ್. ಹೋಗುವುದು ಬೇಸಿಗೆಯಲ್ಲೇ, ಆದರೆ ನೀರು ಹಿಮನದಿಯಿಂದ ನೇರವಾಗಿ ಬಂದದ್ದು. ಹೊನ್ನೆಮರಡಿಗೆ ಹೋಗುವವರು ಜಂಸ್ಕಾರಿನ ಪಟ್ಟಿ ನೋಡಿ ದುಡ್ಡು ಸುರಿಯಬೇಡಿ. ಜಂಸ್ಕಾರಿಗೆ ಹೋಗುವವರು ಹೊನ್ನೆಮರಡಿನ ಅನುಭವ ನಂಬಿ ಹೊರಡಬೇಡಿ.

ಮೈಗೆ ಅಂಟುವ ಬಟ್ಟೆ: ಹತ್ತಿ, ರೇಷ್ಮೆ, ಉಣ್ಣೆ, ಪಾಲಿಯೆಸ್ಟರ್

ಮಡಕೆಯಲ್ಲಿ ನೀರು ತಣ್ಣಗಾಗುವುದು ಹೇಗೆ? ಹೊರಮೈ ಜಿನುಗುತ್ತದೆ, ಆ ನೀರು ಆವಿಯಾಗುತ್ತದೆ, ಆಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಮೈಮೇಲಿಂದ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಒದ್ದೆ ಹತ್ತಿ ಬನಿಯನ್ ಹಾಕಿಕೊಂಡು ಗಾಳಿಗೆ ಕೂತರೆ ನೀವೇ ಮಡಕೆ. ಏಪ್ರಿಲ್‌ನಲ್ಲಿ ಚಿಂತಾಮಣಿಯ ಬಿಸಿಲಿಗೆ ಇದಕ್ಕಿಂತ ಒಳ್ಳೆ ಬಟ್ಟೆ ಇಲ್ಲ. ನದಿಯಲ್ಲಿ ಇದಕ್ಕಿಂತ ಕೆಟ್ಟದ್ದಿಲ್ಲ. ಜೀನ್ಸ್ ಕೂಡ ಹತ್ತಿಯೇ. ಒಳಚಡ್ಡಿಯೂ ಹತ್ತಿಯೇ ಅಲ್ವಾ, ಅದನ್ನು ಎಲ್ಲರೂ ಮರೆಯುತ್ತಾರೆ. ಮೇಲೆಲ್ಲ ಸಾವಿರಾರು ರೂಪಾಯಿಯ ಬಟ್ಟೆ, ಒಳಗೆ ಒದ್ದೆ ಚಡ್ಡಿ. ದಿನಕ್ಕೆ ಆರು ಗಂಟೆ ಅದರ ಮೇಲೇ ಕೂತಿರುತ್ತೀರಿ.

ರೇಷ್ಮೆಯ ಮಾತು ನನಗೆ ಹತ್ತಿರದ್ದು. ನಮ್ಮದು ಶಿಡ್ಲಘಟ್ಟ. ಮನೆಯಲ್ಲಿ ನೂಲು ಬಿಚ್ಚುವ ಕೆಲಸ. ಹಾಗಾಗಿ ಎರಡನೇ ಸಲ ಹೋಗುವಾಗ ಹೆಮ್ಮೆಯಿಂದ ರೇಷ್ಮೆಯ ಒಳಅಂಗಿ ಹೊಲಿಸಿಕೊಂಡು ಹೋದೆ. ತೆಳು, ಹಗುರ, ಮುಷ್ಟಿಯಲ್ಲಿ ಹಿಡಿಸುತ್ತದೆ. ಒಣಗಿದ್ದಾಗ ಅದರಷ್ಟು ಹಿತವಾದದ್ದು ಬೇರೆ ಇಲ್ಲ. ಎರಡನೇ ದಿನ ಮಧ್ಯಾಹ್ನ ಹುಟ್ಟು ಹಾಕುವಾಗ ಕಂಕುಳಲ್ಲಿ ಪರ್ರ್ ಅಂತು. ಮನೆಗೆ ಬಂದು ಅಮ್ಮನಿಗೆ ತೋರಿಸಿದೆ. ಅಮ್ಮ ಬೇಸಿನ್ ಮುಂದೆ ಕೂತು, ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುತ್ತಿದ್ದವಳು ತಲೆ ಎತ್ತಲೂ ಇಲ್ಲ. “ನೆಂದ ರೇಷ್ಮೆ ಜಗ್ಗಬಾರದು ಅಂತ ಗೊತ್ತಿಲ್ವೇನೇ? ಈ ಮನೇಲೇ ಹುಟ್ಟಿದೋಳು ನೀನು” ಅಂದಳು. ನಿಜ. ರೇಷ್ಮೆ ನೆನೆದರೆ ಸೊರಗುತ್ತದೆ, ಹತ್ತಿ ನೆನೆದರೆ ಗಟ್ಟಿಯಾಗುತ್ತದೆ. ಹತ್ತಿಯ ಆ ಗಟ್ಟಿತನದಿಂದ ನಮ್ಮ ಮೈಗೇನೂ ಲಾಭವಿಲ್ಲ ಅನ್ನುವುದು ಬೇರೆ ಮಾತು. ಈಗ ರೇಷ್ಮೆ ನನ್ನ ರಾತ್ರಿಯ ಬಟ್ಟೆ. ಹಗಲಿಗೆ ಬೇಡ.

ಉಳಿದದ್ದು ಉಣ್ಣೆ ಮತ್ತು ಪಾಲಿಯೆಸ್ಟರ್. ಇಲ್ಲಿ ನಿಜವಾದ ಪೈಪೋಟಿ ಇದೆ.

ಉಣ್ಣೆ ಎಂದರೆ ನಮ್ಮ ಕಂಬಳಿಯ ಉಣ್ಣೆ ಅಲ್ಲ. ದಖ್ಖನಿ ಕುರಿಯ ಉಣ್ಣೆ ಒರಟು, ಬರೀ ಮೈಗೆ ತಾಗಿದರೆ ಕೆರೆದುಕೊಳ್ಳುವುದೇ ಕೆಲಸ. ಇಲ್ಲಿ ಬೇಕಾದದ್ದು ಮೆರಿನೊ. ಅದರ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಸಣ್ಣ, ಹಾಗಾಗಿ ಚುಚ್ಚುವುದಿಲ್ಲ. ಎಳೆ ಗುಂಗುರು ಗುಂಗುರಾಗಿರುವುದರಿಂದ ಮಧ್ಯೆ ಗಾಳಿ ನಿಲ್ಲುತ್ತದೆ. ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಇನ್ನೊಂದು ದೊಡ್ಡ ಗುಣ, ವಾಸನೆ ಬರುವುದಿಲ್ಲ. ನಾಲ್ಕು ದಿನ ಅದೇ ಅಂಗಿ ಹಾಕಿದರೂ ಪಕ್ಕದವರು ಟೆಂಟ್ ಬದಲಾಯಿಸುವುದಿಲ್ಲ. ಕೊರತೆ ಎರಡು: ಬೆಲೆ ಜಾಸ್ತಿ, ಒಣಗುವುದು ನಿಧಾನ.

ಪಾಲಿಯೆಸ್ಟರ್ ಇದಕ್ಕೆ ಸರಿಯಾಗಿ ತಿರುಗಾಮುರುಗಾ. ಅಗ್ಗ. ಎಳೆ ನೀರನ್ನೇ ಕುಡಿಯುವುದಿಲ್ಲ, ತೂಕದ ಶೇಕಡ ಒಂದರಷ್ಟೂ ಇಲ್ಲ. ಚೆನ್ನಾಗಿ ಹಿಂಡಿ ಹಾಕಿಕೊಂಡರೆ ಮೈಯ ಬಿಸಿಗೇ ಒಣಗುತ್ತದೆ. ಆದರೆ ಎರಡನೇ ದಿನ ಸಂಜೆಗೆ ವಾಸನೆ ಶುರು. ಮೂರನೇ ದಿನದ ಬಗ್ಗೆ ನಾನು ಮಾತಾಡುವುದಿಲ್ಲ.

ನನ್ನ ಆಯ್ಕೆ ಕೇಳಿದರೆ: ದಿನಕ್ಕೆ ಹತ್ತು ಸಲ ನೀರು ಬೀಳುವ, ಒದ್ದೆಯಾಗುವುದು ಖಂಡಿತ ಅನ್ನುವ ಕಡೆ ಪಾಲಿಯೆಸ್ಟರ್. ನೀರನ್ನೇ ಒಳಗೆ ಬಿಡದ ಡ್ರೈಸೂಟ್ ಒಳಗೆ, ಬೆವರು ಮಾತ್ರ ಸಮಸ್ಯೆ ಅನ್ನುವ ಕಡೆ ಮೆರಿನೊ. ಹೊನ್ನೆಮರಡಿಗೆ ಹೋಗುವವರು ಎರಡನ್ನೂ ಹುಡುಕಿಕೊಂಡು ಹೋಗಬೇಡಿ. ಮನೆಯಲ್ಲಿರುವ, ಕ್ರಿಕೆಟ್‌ಗೆ ಹಾಕುವ ಪೂರ್ತಿ ತೋಳಿನ ಪಾಲಿಯೆಸ್ಟರ್ ಟೀ ಶರ್ಟ್ ಸಾಕು.

ಅಂಗಡಿಯಲ್ಲಿ ‘ಥರ್ಮಲ್’ ಅನ್ನುವ ಪದವನ್ನು ನಂಬಬೇಡಿ. ಒಳಗಿನ ಚೀಟಿ ತಿರುಗಿಸಿ ಓದಿ.

ನಡುವಿನ ಪದರ

ಇದರಲ್ಲಿ ಹೆಚ್ಚು ಯೋಚಿಸುವುದಿಲ್ಲ. ಫ್ಲೀಸ್ ತಗೊಳ್ಳಿ. ಅದೂ ಪಾಲಿಯೆಸ್ಟರೇ, ಜೂಲು ಬಿಟ್ಟ ಹಾಗೆ ಉಬ್ಬಿಸಿದ್ದು. ಒದ್ದೆಯಾದರೆ ನಾಲ್ಕು ಸಲ ಬೀಸಿ ಒದರಿದರೆ ಅರ್ಧ ನೀರು ಹೋಗುತ್ತದೆ. ಗಾಳಿ ಮಾತ್ರ ಜರಡಿಯಲ್ಲಿ ನುಗ್ಗಿದ ಹಾಗೆ ನುಗ್ಗುತ್ತದೆ, ಮೇಲೊಂದು ಹೊದಿಕೆ ಇರಲೇಬೇಕು. ಮನೆಯಲ್ಲಿ ಹೆಣೆದ ಸ್ವೆಟರ್ ಅಪ್ಪಟ ಉಣ್ಣೆಯದಾದರೆ ಬೆಚ್ಚಗಿರುತ್ತದೆ, ಆದರೆ ನೆನೆದರೆ ಮೊಣಕಾಲಿಗೆ ಇಳಿಯುತ್ತದೆ.

ಕೂತಾಗ ಬೆನ್ನಿನ ಕಡೆ ಅಂಗಿ ಮೇಲೆ ಸರಿದು ಸೊಂಟದಲ್ಲಿ ಒಂದು ಗೇಣು ಬರೀ ಮೈ ಉಳಿಯುತ್ತದೆ. ಇಡೀ ದಿನ ಅಲ್ಲೇ ಚಳಿ. ಉದ್ದ ಅಂಗಿ ನೋಡಿ, ಇಲ್ಲವೇ ಮೇಲಿಂದ ಕೆಳಗೆ ಒಂದೇ ಆಗಿರುವ ಫ್ಲೀಸ್ ಸೂಟ್ ನೋಡಿ. ಪ್ಯಾಂಟಿನ ಹಿಂದೆ ಜೇಬು, ಗುಂಡಿ, ದಪ್ಪ ಹೊಲಿಗೆ ಇರಬಾರದು. ಅಂಗಡಿಯಲ್ಲಿ ನಿಂತು ಕನ್ನಡಿ ನೋಡಿದರೆ ಇದು ಗೊತ್ತಾಗುವುದಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು, ಎರಡೂ ಕೈ ಮುಂದಕ್ಕೆ ಚಾಚಿ ಹುಟ್ಟು ಹಾಕಿದ ಹಾಗೆ ತಿರುಗಿ ನೋಡಿ. ಅಂಗಡಿಯ ಹುಡುಗ ನಗುತ್ತಾನೆ. ನಗಲಿ.

ಬಾತುಕೋಳಿ ತುಪ್ಪಳದ ಜಾಕೆಟ್ ನೀರಿನ ಮೇಲೆ ಬೇಡವೇ ಬೇಡ. ನೆನೆದರೆ ತುಪ್ಪಳ ಮುದ್ದೆಯಾಗುತ್ತದೆ, ಅಲ್ಲಿಗೆ ಮುಗಿಯಿತು. ರಾತ್ರಿಗೆ ಬೇಕಿದ್ದರೂ ನದಿ ದಡದ ಟೆಂಟಿನಲ್ಲಿ ಒಳಗೆಲ್ಲ ಬೆವರಿಳಿಯುತ್ತದೆ. ಪಾಲಿಯೆಸ್ಟರ್ ಎಳೆ ತುಂಬಿದ ಜಾಕೆಟ್ಟೇ ವಾಸಿ. ಸ್ವಲ್ಪ ಜಾಗ ತಿನ್ನುತ್ತದೆ, ಆದರೆ ಕೈಬಿಡುವುದಿಲ್ಲ.

ಹೊರಗಿನ ಕವಚ: ದುಡ್ಡು ಹೋಗುವುದು ಇಲ್ಲೇ

ಸ್ಕೂಟರಿನ ರೇನ್‌ಕೋಟಿನ ಕಥೆ ಆಗಲೇ ಹೇಳಿದೆ. ಮೇಲಿಂದ ಬರುವ ಮಳೆಗೆ ಅದು ಸರಿ. ಕೆಳಗಿಂದ, ಪಕ್ಕದಿಂದ, ಕುತ್ತಿಗೆಯಿಂದ ಬರುವ ನೀರಿಗೆ ಅಲ್ಲ. ಹಾಗಾದರೆ ಏನು?

ಪ್ಯಾಡ್ಲಿಂಗ್ ಜಾಕೆಟ್ ನೋಡಲು ರೇನ್‌ಕೋಟಿನ ಅಣ್ಣನ ಹಾಗೇ ಇರುತ್ತದೆ. ವ್ಯತ್ಯಾಸ ಇರುವುದು ಅಂಚಿನಲ್ಲಿ. ಮಣಿಕಟ್ಟು, ಕುತ್ತಿಗೆ, ಸೊಂಟ ಮೂರೂ ಕಡೆ ಬಿಗಿಯುವ ಪಟ್ಟಿ. ಇದು ಯಾಕೆ ಮುಖ್ಯ ಎಂದರೆ, ಕಯಾಕಿನಲ್ಲಿ ಸೊಂಟದ ಕೆಳಗೆ ಸ್ಪ್ರೇ ಸ್ಕರ್ಟ್, ಅಂದರೆ ಸೊಂಟಕ್ಕೆ ಕಟ್ಟಿ ಕೂರುವ ಜಾಗದ ಬಾಯಿಗೆ ಬಿಗಿಯುವ ಹೊದಿಕೆ, ಮುಚ್ಚಿರುತ್ತದೆ, ಕಾಲು ಸುಮಾರಾಗಿ ಬೆಚ್ಚಗಿರುತ್ತದೆ. ಹುಟ್ಟು ಎತ್ತಿದಾಗ ಅದರ ಕೋಲಿನಗುಂಟ ನೀರು ಇಳಿದು ಮುಂಗೈಗೆ ಬಂದು ತೋಳಿನೊಳಗೆ ಹರಿದು ಕಂಕುಳಿಗೆ ಸೇರುತ್ತದೆ. ಒಂದೊಂದೇ ಹನಿ. ಮಧ್ಯಾಹ್ನದ ಹೊತ್ತಿಗೆ ಎದೆಯೆಲ್ಲ ಒದ್ದೆ. ಮಗುಚದೇ ಇದ್ದವರೂ ನೆನೆಯುವುದು ಹೀಗೆ. ಹೊನ್ನೆಮರಡಿನಂಥ ನೀರಿಗೆ ಇಷ್ಟು ಸಾಕು: ಪಾಲಿಯೆಸ್ಟರ್ ಅಂಗಿ, ಮೇಲೆ ಈ ಜಾಕೆಟ್.

ವೆಟ್‌ಸೂಟ್ ಎಂದರೆ ನಿಯೋಪ್ರೀನ್. ರಬ್ಬರಿನೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಸೇರಿಸಿ ಮಾಡಿದ್ದು, ಆ ಗುಳ್ಳೆಗಳೇ ಬೆಚ್ಚಗಿಡುವುದು. ಒಳಗೆ ತೆಳ್ಳಗೆ ನೀರು ಸೇರುತ್ತದೆ, ಅದು ಮೈಬಿಸಿಗೆ ಬಿಸಿಯಾಗುತ್ತದೆ. ಮೈಗೆ ಬಿಗಿಯಾಗಿ ಕೂತರೆ ಮಾತ್ರ. ಸಡಿಲವಾದರೆ ಪ್ರತಿ ಅಲೆಗೂ ಹೊಸ ತಣ್ಣೀರು ಒಳಗೆ ಬಂದು ಹೋಗುತ್ತದೆ. ಕಯಾಕಿಗೆ ತೋಳಿಲ್ಲದ್ದನ್ನೇ ತಗೊಳ್ಳಿ, ಅದಕ್ಕೆ ಫಾರ್ಮರ್ ಜಾನ್ ಅಂತಾರೆ, 3 ಮಿಲಿಮೀಟರ್ ದಪ್ಪದ್ದು ಸಾಮಾನ್ಯ. ತೋಳಿರುವುದನ್ನು ಹಾಕಿಕೊಂಡು ದಿನಕ್ಕೆ ಸಾವಿರಾರು ಸಲ ಕೈ ತಿರುಗಿಸಿದರೆ ಕಂಕುಳ ಸಿಪ್ಪೆ ಸುಲಿಯುತ್ತದೆ.

ವೆಟ್‌ಸೂಟಿನ ಒಳ್ಳೆಯ ಗುಣ, ಕೆಡುವುದಿಲ್ಲ. ಬಂಡೆಗೆ ಉಜ್ಜಿದರೂ, ಸಣ್ಣ ತೂತು ಬಿದ್ದರೂ ಕೆಲಸ ಮಾಡುತ್ತದೆ. ಬಾಡಿಗೆಗೂ ಸಿಗುತ್ತದೆ. ಕೆಟ್ಟ ಗುಣ ನಿಮಗೆ ಎರಡನೇ ದಿನ ಬೆಳಗ್ಗೆ ಗೊತ್ತಾಗುತ್ತದೆ. ರಾತ್ರಿಯೆಲ್ಲ ಇಬ್ಬನಿಗೆ ನೇತಾಡಿದ, ಐಸಿನಂಥ ರಬ್ಬರನ್ನು ಬೆಚ್ಚಗಿನ ಕಾಲಿಗೆ ಎಳೆದುಕೊಳ್ಳಬೇಕು. ದೊಡ್ಡವರೂ ಅಲ್ಲಿ ಅಮ್ಮಾ ಅಂತಾರೆ. ನನ್ನ ಉಪಾಯ ಇದು: ಮೊದಲು ತೆಳು ಪಾಲಿಯೆಸ್ಟರ್ ಪ್ಯಾಂಟು ಹಾಕಿ, ಅದರ ಮೇಲೆ ವೆಟ್‌ಸೂಟ್. ಬೇಗ ಜಾರುತ್ತದೆ, ಮೊದಲ ಹೊಡೆತ ಸ್ವಲ್ಪ ಕಡಿಮೆ. ಹಾಕಿದ ತಕ್ಷಣ ಸುಮ್ನೆ ನಿಲ್ಲಬೇಡಿ, ಪಾತ್ರೆ ತೊಳೆಯಿರಿ, ಟೆಂಟು ಬಿಚ್ಚಿ.

ಡ್ರೈಸೂಟ್ ಬೇರೆ ಜಾತಿ. ನೀರೇ ಒಳಗೆ ಬರುವುದಿಲ್ಲ. ಕುತ್ತಿಗೆಗೂ ಮಣಿಕಟ್ಟಿಗೂ ಲೇಟೆಕ್ಸ್ ರಬ್ಬರಿನ ಪಟ್ಟಿ, ಪಾದಕ್ಕೆ ಸೇರಿಕೊಂಡೇ ಬರುವ ಕಾಲುಚೀಲ. ಸೂಟಿಗೆ ತನ್ನದೇ ಬಿಸಿ ಇಲ್ಲ, ಒಳಗೆ ನೀವು ಹಾಕುವ ಮೆರಿನೊ, ಫ್ಲೀಸ್‌ಗಳೇ ಬಿಸಿ. ಸಂಜೆ ಬಿಚ್ಚಿದರೆ ಒಳಗೆ ಒಣಗಿದ ಮನುಷ್ಯ! ಬೆಳಗ್ಗೆ ಮತ್ತೆ ಹಾಕಿಕೊಳ್ಳುವುದೂ ಹಿಂಸೆಯಲ್ಲ. ಬಹುದಿನದ ಪಯಣಕ್ಕೆ ಹೇಳಿ ಮಾಡಿಸಿದ್ದು. ಆದರೆ ಒಳ್ಳೆಯ, ಉಸಿರಾಡುವ ಡ್ರೈಸೂಟಿನ ಬೆಲೆಯಲ್ಲಿ ಶಿಡ್ಲಘಟ್ಟದಲ್ಲಿ ಹಳೆಯ ಸ್ಕೂಟರ್ ಬರುತ್ತದೆ.

ಬೆಲೆ ಒಂದೇ ಅಲ್ಲ. ಲೇಟೆಕ್ಸ್ ಹರಿದರೆ ಸೂಟು ಸತ್ತ ಹಾಗೆ. ಉಗುರು, ಉಂಗುರ, ವಾಚು ಯಾವುದು ಬೇಕಾದರೂ ಹರಿಯಬಹುದು. ಕುತ್ತಿಗೆಯ ಪಟ್ಟಿ ಹೊಸದರಲ್ಲಿ ಉಸಿರು ಕಟ್ಟುವಷ್ಟು ಬಿಗಿ. ರಾತ್ರಿ ಒಂದು ತಪ್ಪಲೆಗೆ ಹಿಗ್ಗಿಸಿ ಹಾಕಿಡುತ್ತಾರೆ, ನಾನೂ ಹಾಗೇ ಮಾಡಿದ್ದು. ಕುತ್ತಿಗೆ ಕೆಂಪಾಯಿತೆಂದು ನಮ್ಮ ತಂಡದಲ್ಲೊಬ್ಬರು ತೆಂಗಿನೆಣ್ಣೆ ಹಚ್ಚಿಕೊಂಡರು. ಎಲ್ಲದಕ್ಕೂ ತೆಂಗಿನೆಣ್ಣೆ ನಮ್ಮವರಿಗೆ! ಎಣ್ಣೆ, ವ್ಯಾಸಲೀನ್ ಎರಡೂ ಲೇಟೆಕ್ಸನ್ನು ತಿಂದುಹಾಕುತ್ತವೆ. ಹಚ್ಚುವುದಾದರೆ ಪೌಡರ್ ಹಚ್ಚಿ. ನಿಯೋಪ್ರೀನ್ ಕುತ್ತಿಗೆಯ ಸೆಮಿ ಡ್ರೈ ಸೂಟ್ ಸಿಗುತ್ತದೆ. ಮಗುಚಿದಾಗ ಒಂದೆರಡು ಗುಟುಕು ನೀರು ಒಳಗೆ ಬರಬಹುದು, ಆದರೆ ದಿನವಿಡೀ ಹಾಕಿಕೊಳ್ಳಲು ಹಿತ. ಜಾಸ್ತಿ ಮಗುಚದವರಿಗೆ ನಾನು ಅದನ್ನೇ ಹೇಳುತ್ತೇನೆ.

ಡ್ರೈಸೂಟ್ ಹಾಕಿದ ಮೇಲೆ ಕುಕ್ಕರಗಾಲಲ್ಲಿ ಕೂತು, ಕುತ್ತಿಗೆಯ ಪಟ್ಟಿಯನ್ನು ಬೆರಳಿಂದ ಸ್ವಲ್ಪ ತೆರೆದು ಒಳಗಿನ ಗಾಳಿ ಬಿಡಿ. ಇಲ್ಲದಿದ್ದರೆ ನೀರಿಗೆ ಬಿದ್ದಾಗ ಬಲೂನು. ಜಿಪ್ ಕೊನೆಯವರೆಗೂ ಎಳೆದಿದೆಯಾ ಅಂತ ಪಕ್ಕದವರ ಹತ್ತಿರ ನೋಡಿಸಿ. ತೆರೆದ ಜಿಪ್ಪಿನ ಡ್ರೈಸೂಟ್ ನನ್ನ ರೇನ್‌ಕೋಟಿಗಿಂತ ಅಪಾಯ.

ಇನ್ನೊಂದು ವಿಷಯ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಹೆಣ್ಣುಮಕ್ಕಳು ಆಮೇಲೆ ಪಕ್ಕಕ್ಕೆ ಕರೆದು ಕೇಳುತ್ತಾರೆ. ಮೂತ್ರಕ್ಕೆ ಹೋಗುವುದು ಹೇಗೆ? ವೆಟ್‌ಸೂಟಾದರೆ ಜಾಕೆಟ್ ಬಿಚ್ಚಿ, ಲೈಫ್ ಜಾಕೆಟ್ ಬಿಚ್ಚಿ, ಭುಜದಿಂದ ಪೂರ್ತಿ ಇಳಿಸಬೇಕು. ಕೊರೆಯುವ ಗಾಳಿಯಲ್ಲಿ. ಅದಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುತ್ತಾರೆ, ತಲೆನೋವು, ಸುಸ್ತು, ಚಳಿ ಇನ್ನೂ ಜಾಸ್ತಿ. ಡ್ರೈಸೂಟಿನಲ್ಲಿ ಹಿಂದೆ ಜಿಪ್ ಇರುವ ಹೆಂಗಸರ ಮಾದರಿ ಸಿಗುತ್ತದೆ, ಗಂಡಸರಿಗೆ ಮುಂದೆ. ದುಡ್ಡು ಕೊಡುವುದೇ ಆದರೆ ಆ ಜಿಪ್ ಇಲ್ಲದ್ದನ್ನು ತಗೊಳ್ಳಬೇಡಿ. ಒಳಗಿನ ಫ್ಲೀಸ್ ಸೂಟಿಗೂ ಅದೇ ಜಾಗದಲ್ಲಿ ಜಿಪ್ ಇರಬೇಕು, ಇಲ್ಲದಿದ್ದರೆ ಹೊರಗಿನ ಜಿಪ್ಪಿನಿಂದ ಏನು ಬಂತು?

ಒಟ್ಟಿನಲ್ಲಿ ನನ್ನ ಮಾತು ಹೀಗೆ. ಚಳಿಗಾಲದ ಗಂಗೆಗೆ ತೋಳಿಲ್ಲದ ವೆಟ್‌ಸೂಟ್, ಒಳಗೆ ಪಾಲಿಯೆಸ್ಟರ್, ಮೇಲೆ ತೆಳು ಫ್ಲೀಸ್, ಅದರ ಮೇಲೆ ಪ್ಯಾಡ್ಲಿಂಗ್ ಜಾಕೆಟ್. ಮಗುಚಿದರೆ ಚಳಿಯಾಗುತ್ತದೆ, ಆದರೆ ದಡ ಸೇರುವವರೆಗೆ ಕೈಕಾಲು ಕೆಲಸ ಮಾಡುತ್ತದೆ. ಜಂಸ್ಕಾರಿಗೆ ಡ್ರೈಸೂಟ್. ಅಲ್ಲಿ ಎರಡನೇ ಆಯ್ಕೆ ನಾನು ಕೊಡುವುದಿಲ್ಲ.

ಯಾವ ಪದರ ಹಾಕಿದರೂ ಕೊನೆಗೆ ಲೈಫ್ ಜಾಕೆಟ್ ಹಾಕಿ ನೋಡಿ. ತೆಳು ಅಂಗಿಯ ಮೇಲೆ ಸರಿಯಾಗಿದ್ದದ್ದು ಫ್ಲೀಸಿನ ಮೇಲೆ ಹಿಡಿಸದೇ ಹೋಗಬಹುದು. ಹಿಡಿಸಿದರೆ ಅದೇ ಎದೆಗೆ ಇನ್ನೊಂದು ಬೆಚ್ಚನೆಯ ಪದರ, ಬಿಟ್ಟಿ.

ಕೈ, ಕಾಲು, ತಲೆ

ಕೈಗವಸಿಗಿಂತ ಪೋಗಿ ಒಳ್ಳೆಯದು. ಪೋಗಿ ಎಂದರೆ ಹುಟ್ಟಿನ ಕೋಲಿಗೇ ಸುತ್ತಿ ಅಂಟಿಸುವ ಚೀಲ, ಅದರೊಳಗೆ ಬರಿಗೈ ತೂರಿಸಿ ಕೋಲು ಹಿಡಿಯುವುದು. ಹಿಡಿತವೂ ಇರುತ್ತದೆ, ಗಾಳಿಯೂ ತಾಗುವುದಿಲ್ಲ. ಮಗುಚಿದಾಗ ಕೈ ತಟ್ಟನೆ ಹೊರಗೆ ಬರುತ್ತದಾ ಅಂತ ದಡದಲ್ಲೇ ನೋಡಿಕೊಳ್ಳಿ. ದುಡ್ಡಿಲ್ಲ ಎಂದರೆ ಒಳಗೆ ತೆಳು ಉಣ್ಣೆ ಗವಸು, ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗವಸು. ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಮಾಡುತ್ತದೆ.

ಕಾಲಿಗೆ ನಿಯೋಪ್ರೀನ್ ಬೂಟು. ಒಳಗೆ ಉಣ್ಣೆ ಕಾಲುಚೀಲ ಹಾಕುವಷ್ಟು ಸಡಿಲ ಇರಲಿ. ಬಿಗಿಯಾದರೆ ರಕ್ತ ಓಡುವುದಿಲ್ಲ, ಬೆರಳು ಮರಗಟ್ಟುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರನ್ನು ನಾನು ಕಯಾಕ್ ಹತ್ತಿಸುವುದಿಲ್ಲ. ಹೊಲಕ್ಕೆ ಹಾಕುವ ಗಂಬೂಟೂ ಹರಿಯುವ ನದಿಗೆ ಬೇಡ. ಈಜುವಾಗ ನೀರು ತುಂಬಿ ಕಾಲೇ ಎತ್ತಲಾಗುವುದಿಲ್ಲ.

ಮೈಯ ಅರ್ಧ ಬಿಸಿ ತಲೆಯಿಂದಲೇ ಹೋಗುತ್ತದೆ ಅನ್ನುವುದು ಸುಳ್ಳು. ಮೈಯ ಮೇಲ್ಮೈಯಲ್ಲಿ ತಲೆಯ ಪಾಲು ಸುಮಾರು ಹತ್ತನೇ ಒಂದು, ಹೋಗುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕಿವಿಗೆ ತಣ್ಣೀರು ನುಗ್ಗಿದರೆ ತಲೆ ಸುತ್ತುತ್ತದೆ, ಅದಕ್ಕಾದರೂ ಹೆಲ್ಮೆಟ್ಟಿನ ಕೆಳಗೆ ತೆಳು ನಿಯೋಪ್ರೀನ್ ಟೋಪಿ ಇರಲಿ. ನಮ್ಮ ಮಂಕಿ ಕ್ಯಾಪ್ ಹೆಲ್ಮೆಟ್ಟಿನೊಳಗೆ ಹಿಡಿಸುವುದಿಲ್ಲ. ಅದರ ಹೊತ್ತು ರಾತ್ರಿ. ಸ್ಲೀಪಿಂಗ್ ಬ್ಯಾಗಿನಲ್ಲಿ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಫೋಟೋ ತೆಗೆಯುವವರನ್ನು ಮಾತ್ರ ದೂರ ಇಡಿ.

ರಾತ್ರಿಯ ಜೊತೆ

ಇಲ್ಲಿಗೆ ಬಂದೆ ನೋಡಿ. ಗೌರಿಬಿದನೂರಿನ ಹುಡುಗನಿಗೆ ನಾನು ಮೊದಲು ತಗೊಳ್ಳಲು ಹೇಳಿದ್ದು ಜರ್ಕಿನ್ ಅಲ್ಲ, ಡ್ರೈ ಬ್ಯಾಗ್. ಬಾಯಿಯನ್ನು ಮೂರು ಸುತ್ತು ಮಡಚಿ ಕೊಂಡಿ ಹಾಕುವ ಚೀಲ. ಅದರೊಳಗೆ ಒಂದು ಜೊತೆ ಬಟ್ಟೆ: ಒಳಅಂಗಿ, ಪ್ಯಾಂಟು, ದಪ್ಪ ಜಾಕೆಟ್, ಉಣ್ಣೆ ಕಾಲುಚೀಲ, ಟೋಪಿ. ಈ ಜೊತೆ ನೀರಿನ ಮೇಲೆ ಯಾವತ್ತೂ ಹೊರಗೆ ಬರಬಾರದು. ಬೆಳಗ್ಗೆ ಎಷ್ಟೇ ಆಸೆಯಾದರೂ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿ, ಒದ್ದೆಯ ಜೊತೆಯನ್ನೇ ಮತ್ತೆ ಹಾಕಿಕೊಳ್ಳಬೇಕು. “ಇವತ್ತೊಂದು ದಿನ” ಅಂತ ಒಣಗಿದ್ದನ್ನೇ ಹಾಕಿಕೊಂಡು ಹೋದವರು ಆ ರಾತ್ರಿ ಎರಡೂ ಜೊತೆ ಹಿಂಡುತ್ತಾ ಕೂತಿದ್ದನ್ನು ನೋಡಿದ್ದೇನೆ. ಹುಷಾರಿಗೆ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಕವರ್ ಹಾಕಿ ಕಟ್ಟಿ.

ಇದಕ್ಕೆ ವಿನಾಯಿತಿ ಒಂದೇ, ಮೊದಲು ಹೇಳಿದ ಹೈಪೊಥರ್ಮಿಯಾ. ಯಾರಾದರೂ ಮಾತು ತೊದಲಿದರೆ, ಜಿಪ್ ಹಾಕಲು ಬೆರಳು ತಡವರಿಸಿದರೆ, ಸುಮ್ಮಸುಮ್ಮನೆ ಸಿಡುಕಿದರೆ ಈ ಒಣ ಜೊತೆಯನ್ನು ತಕ್ಷಣ ಅವರಿಗೆ ಹಾಕಿ. ಸಂಜೆಯವರೆಗೆ ಕಾಯಬೇಡಿ.

ಹೊದೆಯಲು ಕಂಬಳಿಯೋ ಸ್ಲೀಪಿಂಗ್ ಬ್ಯಾಗೋ? ಸಾಮಾನು ಎಲ್ಲಿ ಹೋಗುತ್ತದೆ ಅನ್ನುವುದರ ಮೇಲೆ ಹೇಳಬೇಕು. ಜೊತೆಗೆ ರಾಫ್ಟ್, ಅಂದರೆ ಗಾಳಿ ತುಂಬಿದ ದೊಡ್ಡ ದೋಣಿ, ಬಂದು ಗಂಟುಮೂಟೆ ಹೊರುವುದಾದರೆ ನಾನು ಕರಿ ಕಂಬಳಿ ಹಾಕಿಯೇ ಹಾಕುತ್ತೇನೆ. ಮರಳಿನ ಮೇಲೆ ಹಾಸಿದರೆ ಕೆಳಗಿನ ತಂಪು ಮೇಲೆ ಬರುವುದಿಲ್ಲ, ಬೆಂಕಿಯ ಕಿಡಿ ಬಿದ್ದರೂ ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ. ಫ್ಲೀಸ್ ಆದರೆ ಒಂದು ಕಿಡಿಗೆ ತೂತು. ಎಲ್ಲವನ್ನೂ ನಿಮ್ಮ ಕಯಾಕಿನೊಳಗೇ ತುರುಕಬೇಕು ಎಂದರೆ ಕಂಬಳಿ ಬಿಡಿ. ನೆನೆದರೆ ಒಂದು ಕುರಿಯನ್ನೇ ಹೊತ್ತ ಹಾಗೆ.

ಕೊಳ್ಳುವ ಮೊದಲು

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಾಕಬೇಕೆಂದಿರುವ ಬಟ್ಟೆಯನ್ನೆಲ್ಲ ಬಕೆಟ್ಟಿನಲ್ಲಿ ಅದ್ದಿ, ಮೂರು ಸಲ ಹಿಂಡಿ, ತೂಗಿ ನೋಡಿ. ನಾನು ಗೂಡು ತೂಗುವ ತಕ್ಕಡಿಯಲ್ಲಿ ತೂಗಿದ್ದೆ, ಅಮ್ಮ ಬೈದಳು. ಆಮೇಲೆ ನೆರಳಲ್ಲಿ ಹಗ್ಗಕ್ಕೆ ಹಾಕಿ, ಯಾವುದು ಮೊದಲು ಒಣಗುತ್ತದೆ ಬರೆದಿಡಿ. ಇನ್ನೂ ಧೈರ್ಯವಿದ್ದರೆ ಡಿಸೆಂಬರ್ ಬೆಳಗ್ಗೆ ಒದ್ದೆ ಅಂಗಿ ಹಾಕಿಕೊಂಡು, ಮೇಲೆ ಜಾಕೆಟ್ ಹಾಕಿ, ಸ್ಕೂಟರಿನ ಹಿಂದೆ ಕೂತು ಊರಾಚೆ ಎರಡು ಕಿಲೋಮೀಟರ್ ಹೋಗಿ ಬನ್ನಿ. ನಮಗೆ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಗಾಳಿಗಂತೂ ಬರವಿಲ್ಲ. ಕೆರೆಯಲ್ಲಿ ಅಭ್ಯಾಸ ಮಾಡುವವರು ಅನುಮತಿ ಕೇಳಿ, ಮಳೆನೀರಿನ ಕೆರೆಯನ್ನೇ ಆರಿಸಿ. ಎಚ್.ಎನ್. ವ್ಯಾಲಿ, ಕೆ.ಸಿ. ವ್ಯಾಲಿ ಯೋಜನೆಗಳಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ತುಂಬುವ ಕೆರೆಗಳಲ್ಲಿ ಮಗುಚುವ ಅಭ್ಯಾಸ ಬೇಡ, ಬಾಯಿಗೆ ಹೋಗುತ್ತದೆ.

ಬಾಡಿಗೆಗೆ ವೆಟ್‌ಸೂಟ್, ಪ್ಯಾಡ್ಲಿಂಗ್ ಜಾಕೆಟ್, ಹೆಲ್ಮೆಟ್ ತಗೊಳ್ಳಬಹುದು. ಒಂದು ಅಳತೆ ಸಣ್ಣದೆನಿಸಿದ್ದೇ ವೆಟ್‌ಸೂಟಿಗೆ ಸರಿಯಾದ ಅಳತೆ. ಹೆಂಗಸರ ಅಳತೆ ಇದೆಯಾ ಅಂತ ಫೋನಿನಲ್ಲೇ ಕೇಳಿ, ಅಲ್ಲಿಗೆ ಹೋದ ಮೇಲೆ ಅಲ್ಲ. ಬಾಡಿಗೆ ಜಾಕೆಟ್ಟಿನ ಮಣಿಕಟ್ಟಿನ ಪಟ್ಟಿ ಸಡಿಲವಾಗಿದೆಯಾ ಎಳೆದು ನೋಡಿ. ಮೈಗೆ ಅಂಟುವ ಬಟ್ಟೆ, ಕಾಲುಚೀಲ, ರಾತ್ರಿಯ ಜೊತೆ, ಡ್ರೈ ಬ್ಯಾಗ್ ಇಷ್ಟು ಮಾತ್ರ ಸ್ವಂತದ್ದಿರಲಿ. ದುಡ್ಡು ಉಳಿದರೆ ಬೂಟು. ಅದೂ ಉಳಿದರೆ ಪೋಗಿ. ಡ್ರೈಸೂಟಿನ ಯೋಚನೆ ಮೂರನೇ ಪಯಣ ಮುಗಿದ ಮೇಲೆ.

ಮನೆಗೆ ಬಂದ ದಿನವೇ ಎಲ್ಲವನ್ನೂ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಹಾಕಿ. ಬಿಸಿಲಿಗೆ ರಬ್ಬರ್ ಬಿರಿಯುತ್ತದೆ. ವೆಟ್‌ಸೂಟನ್ನು ಮಡಚಿ ಬೀರುವಿಗೆ ತುರುಕಬೇಡಿ, ಮಡಿಕೆಯಲ್ಲಿ ಗೆರೆ ಬಿದ್ದು ಅಲ್ಲೇ ಸೀಳುತ್ತದೆ. ದಪ್ಪ ಹ್ಯಾಂಗರಿಗೆ ನೇತುಹಾಕಿ. ನಮ್ಮ ಮನೆಯಲ್ಲಿ ಅದು ಹುಳು ಸಾಕುವ ಮನೆಯ ಗೋಡೆಗೆ, ಹುಳು ಗೂಡು ಕಟ್ಟುವ ಹಳೆಯ ಚಂದ್ರಿಕೆಗಳ ಪಕ್ಕ ನೇತಾಡುತ್ತದೆ. ಕರೆಂಟು ಹೋದಾಗ ಯಾರೋ ನಿಂತಿದ್ದಾರೆ ಅಂತ ಅಮ್ಮ ಎರಡು ಸಲ ಕೂಗಿಕೊಂಡಿದ್ದಾಳೆ.